ಕಾರ್ತಿಕದ ಉಪವಾಸ, ಜ್ವರದ ಮಾತ್ರೆ

ಆ ಭಾನುವಾರ ಜಾವಗಲ್ಲಿನ ಅಕ್ಕನ ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ನುಗ್ಗೆಸೊಪ್ಪು ಬಿಡಿಸುತ್ತಿದ್ದೆವು. ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಕೆಲಸದಿಂದ ನಿವೃತ್ತಳಾಗಿ ಅರಸೀಕೆರೆಯಲ್ಲೇ ನೆಲೆಸಿದ ಮೇಲೆ, ಭಾನುವಾರ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗಿ ಸಂಜೆ ಮರಳುವುದು ವಾಡಿಕೆಯಾಗಿತ್ತು. ಭಾವ ಮಲ್ಲಪ್ಪನವರು ಕೊಬ್ಬರಿ ವ್ಯಾಪಾರಿ. ಒಳಗಿನ ಪಡಸಾಲೆಯಲ್ಲಿ ಉಂಡೆ ಕೊಬ್ಬರಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೇರೆ ಮಾಡುತ್ತಿದ್ದರು.

"ನಾಳೆ ಸೋಮವಾರ ಕಣೇ. ಹಾಲು, ನೀರು ಬಿಟ್ಟು ಏನೂ ಮುಟ್ಟಲ್ಲ. ಇವತ್ತೇ ಸರಿಯಾಗಿ ತಿಂದ್ಬಿಡಬೇಕು," ಎಂದಳು ಪಾರ್ವತಕ್ಕ.

"ವಾರಕ್ಕೊಂದು ದಿನ ಸಾಲ್ದಾ ಅಕ್ಕ? ಈ ಸಲ ಇಡೀ ಕಾರ್ತಿಕ ಒಪ್ಪೊತ್ತು ಬೇರೆ."

"ನಿನ್ನ ಭಾವ ಆಸ್ಪತ್ರೆಯಿಂದ ಕಾಲಲ್ಲಿ ನಡ್ಕೊಂಡು ಆಚೆ ಬಂದ್ರಲ್ಲ, ಆವತ್ತೇ ಹೇಳ್ಕೊಂಡಿದ್ದು. ಶಿವನಿಗೆ ಕೊಟ್ಟ ಮಾತು ತಪ್ಪೋಕಾಗ್ತದಾ?"

ಒಳಗಿಂದ ಭಾವನ ದನಿ ಬಂತು: "ಹೃದಯಕ್ಕೆ ಸ್ಟೆಂಟ್ ಹಾಕಿದ್ದು ಡಾಕ್ಟ್ರು, ಉಪವಾಸ ಮಾತ್ರ ಶಿವನಿಗೆ. ಆ ಡಾಕ್ಟ್ರಿಗೆ ಒಂದು ಎಳನೀರೂ ಕೊಡ್ಲಿಲ್ಲ ಕಣಮ್ಮ ನಿಮ್ಮಕ್ಕ!"

"ನೀವು ಸುಮ್ನೆ ಕೊಬ್ಬರಿ ಅಲ್ಲಾಡಿಸ್ರೀ," ಎಂದು ಅಕ್ಕ ಅಲ್ಲಿಂದಲೇ ಕೂಗಿದಳು. ಮೂವರೂ ನಕ್ಕೆವು. ಮಧ್ಯಾಹ್ನ ಮುದ್ದೆ, ನುಗ್ಗೆಸೊಪ್ಪಿನ ಸಾರು. ಸಂಜೆ ಬಸ್ ಹತ್ತುವಾಗ ಒಂದು ಚೀಲದಲ್ಲಿ ಕರಿಬೇವು ತುಂಬಿ ಕೊಟ್ಟಳು. ಅವಳು ಮಾಡಿದ ಅಡುಗೆಯನ್ನು ನಾನು ಉಂಡದ್ದು ಅದೇ ಕೊನೆ.

ನನ್ನ ಜಾಗಕ್ಕೆ ಬಂದ ಲತಾ ತುಂಬ ದಿನದಿಂದ ಕೇಳುತ್ತಿದ್ದಾಳೆ: "ಮೇಡಂ, ಹೊಸದಾಗಿ ಲ್ಯಾಬಿಗೆ ಬರೋ ಹುಡುಗರಿಗೆ ನಿಮ್ಮ ಅನುಭವ ಬರೆದುಕೊಡಿ." ನಾನು ಹೆಚ್ಚು ಓದಿದವಳಲ್ಲ. ಪಿ.ಯು.ಸಿ. ಮುಗಿಸಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮಾಡಿದೆ, ಕೆಲಸ ಸಿಕ್ಕಿತು, ಅಷ್ಟೆ. ಕೆಲಸದ ಬಗ್ಗೆಯೇ ಬರೆಯೋಣವೆಂದು ಕೂತರೂ ಬರಹ ಹೇಗೋ ಅಕ್ಕನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅದು ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಅವಳ ಸಾವಿನ ಪಕ್ಕದಲ್ಲೇ ಇದೆ.

ಮೊದಲ ವರ್ಷಗಳಲ್ಲಿ ಲ್ಯಾಬ್ ಎಂದರೆ ಒಂದು ಸಣ್ಣ ಕೋಣೆ, ಒಂದು ಮೈಕ್ರೋಸ್ಕೋಪ್, ಒಂದು ಸ್ಪಿರಿಟ್ ದೀಪ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಲು ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ದೀಪದ ಮೇಲೆ ಕುದಿಸುತ್ತಿದ್ದೆವು. ನೀಲಿ ಹಸಿರಾಗಿ, ಹಳದಿಯಾಗಿ, ಸಕ್ಕರೆ ಹೆಚ್ಚಿದ್ದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ರೋಗಿ ಅಲ್ಲೇ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಬಣ್ಣ ತಿರುಗುವಷ್ಟು ಹೊತ್ತು ಮಾತು ನಡೆಯುತ್ತಿತ್ತು. ಏನು ಉಂಡಿರಿ, ಎಲ್ಲಿಂದ ಬಂದಿರಿ, ಮನೆಯಲ್ಲಿ ಇನ್ಯಾರಿಗೆ ಹೀಗಿದೆ, ಯಾರ ಔಷಧಿ ತೆಗೆದುಕೊಂಡಿರಿ. ಅದು ಪರೀಕ್ಷೆಯ ಭಾಗವೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಯೋಚಿಸಿದರೆ ಅರ್ಧ ಪರೀಕ್ಷೆ ಅದೇ ಆಗಿತ್ತು.

ನನಗೆ ಕೆಲಸ ಕಲಿಸಿದವರು ಹಿರಿಯ ಟೆಕ್ನೀಷಿಯನ್ ಬಸವರಾಜಯ್ಯನವರು. ತೆಳ್ಳಗಿನ ಮನುಷ್ಯ, ಹಣೆಯ ತುಂಬ ವಿಭೂತಿ, ಕೋಪ ಬಂದರೆ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು. ಒಮ್ಮೆ ತಿಂಗಳುಗಟ್ಟಲೆ ನಾನು ನೋಡಿದ ಬಸುರಿಯರಿಗೆಲ್ಲ ರಕ್ತ ಚೆನ್ನಾಗಿದೆ ಎಂದೇ ಬಂತು. ಆಗ ರಕ್ತದ ಅಂಶ ನೋಡಲು ಸಣ್ಣ ಗಾಜಿನ ನಳಿಕೆಯಲ್ಲಿ ರಕ್ತವನ್ನು ತೆಳುವಾಗಿಸುತ್ತ ಹೋಗಿ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದಿಸಬೇಕಿತ್ತು. ಹೆಚ್ಚು ತೆಳುವಾಗಿಸಬೇಕಾದಷ್ಟೂ ರಕ್ತ ಚೆನ್ನಾಗಿದೆ ಎಂದು ಲೆಕ್ಕ. ನನಗೆ ಹೆಮ್ಮೆ. ನಮ್ಮ ಹಳ್ಳಿಗಳ ಹೆಂಗಸರು ಎಷ್ಟು ಗಟ್ಟಿ ಎಂದುಕೊಂಡೆ. ಒಂದು ದಿನ ಬಸವರಾಜಯ್ಯನವರು ಬಂದು, ಬೆಂಚಿನ ಮೇಲಿದ್ದ ಬಸುರಿಯ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದರು. ಒಳಗೆ ಸುಣ್ಣ ಬಳಿದಂತೆ ಬಿಳಿ.

"ಏನಮ್ಮ ವಿಮಲಾ, ಇವಳ ರಕ್ತ ಚೆನ್ನಾಗಿ ಐತೆ ಅಂತೀಯಾ?"

"ಟ್ಯೂಬಲ್ಲಿ ಹಾಗೇ ಬಂತು ಸಾರ್."

"ನಿನ್ನ ಗಾಜು ಹಳೇದಾಗಿ ಬಣ್ಣ ಬಿಟ್ಟೈತೆ ಕಣಮ್ಮ. ರಕ್ತ ಇಲ್ದಿರೋದು ಗಾಜಿಗೂ ಹೌದು, ಇವಳಿಗೂ ಹೌದು. ಇಬ್ರೂ ಸೇರಿ ನಿನ್ಗೆ ಮೋಸ ಮಾಡವ್ರೆ!"

ಬಸುರಿ ಹೆಂಗಸೂ ನಕ್ಕಳು. ಆಮೇಲೆ ಅವರು ಮೆಲ್ಲಗೆ, "ಮೊದ್ಲು ಮುಖ ನೋಡು, ಆಮೇಲೆ ಟ್ಯೂಬ್ ನೋಡು," ಎಂದರು. ಹಿಂದೆ ನೋಡಿದ್ದ ಎಲ್ಲ ಬಸುರಿಯರನ್ನೂ ಮತ್ತೆ ಕರೆಸಿ ಹೊಸ ಗಾಜಿನಲ್ಲಿ ನೋಡಿದೆವು.

ಗ್ಲುಟಾಥಯೋನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಮಲೇರಿಯಾದ ಕಾಲದಲ್ಲಿ. ಕಣಕಟ್ಟೆ ಕಡೆಯ ಹಳ್ಳಿಗಳಿಂದ ರಕ್ತದ ಸ್ಲೈಡುಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಅಲ್ಲಿನ ಒಬ್ಬ ಯುವಕನ ಸ್ಲೈಡಿನಲ್ಲಿ ಮಲೇರಿಯಾ ಕಂಡಿತು. ರೂಢಿಯಂತೆ ಮಾತ್ರೆ ಕೊಟ್ಟರು. ಕೆಲವೇ ದಿನಗಳಲ್ಲಿ ಅವನ ತಾಯಿ ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ. ನಾನು ಹೆದರಿ ಮತ್ತೆ ಸ್ಲೈಡ್ ನೋಡಿದೆ. ಮಲೇರಿಯಾ ಹೋಗಿತ್ತು. ಆದರೆ ಕೆಂಪು ಕಣಗಳು ಒಡೆದು, ಕಚ್ಚಿ ಬಿಟ್ಟಂತೆ ಅಂಚು ಹರಿದಿದ್ದವು.

ನಮ್ಮ ವೈದ್ಯಾಧಿಕಾರಿ ಒಬ್ಬ ಲೇಡಿ ಡಾಕ್ಟರು, ಕೇಳಿದರೆ ಬೇಸರಿಸದೆ ಹೇಳುವವರು. ಮಾತ್ರೆ ನಿಲ್ಲಿಸಿ ಅವನನ್ನು ಹಾಸನಕ್ಕೆ ಕಳಿಸುವ ಏರ್ಪಾಡು ಮಾಡಿ, ಆಮೇಲೆ ನನಗೆ ಹೇಳಿದರು. ನಮ್ಮ ಮೈಯ ಪ್ರತಿಯೊಂದು ಜೀವಕೋಶವೂ ಗ್ಲುಟಾಥಯೋನ್ ಎಂಬ ಸಣ್ಣ ವಸ್ತುವನ್ನು ತಾನೇ ಮಾಡಿಕೊಳ್ಳುತ್ತದೆ. ಊಟದಲ್ಲಿನ ಪ್ರೋಟೀನು ಒಡೆದು ಬರುವ ತುಣುಕುಗಳಲ್ಲಿ ಮೂರನ್ನು ಸೇರಿಸಿ ಹೆಣೆದದ್ದು ಅದು. ಮೈಯೊಳಗೆ ಹುಟ್ಟುವ ಸುಡುವಂಥ ಪದಾರ್ಥಗಳನ್ನು ತನ್ನ ಮೇಲೆ ಎಳೆದುಕೊಂಡು ತಣಿಸುವುದು ಅದರ ಕೆಲಸ. ಹಾಗೆ ತಣಿಸಿ ಮಂಕಾದದ್ದನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುವ ವ್ಯವಸ್ಥೆಯೂ ಕಣದೊಳಗೇ ಇರುತ್ತದೆ. ಈ ಯುವಕನಿಗೆ ಹುಟ್ಟಿನಿಂದಲೇ ಆ ತೊಳೆಯುವ ಶಕ್ತಿ ಕಮ್ಮಿ. ಬೇರೆ ದಿನಗಳಲ್ಲಿ ಅದು ಗೊತ್ತೇ ಆಗುವುದಿಲ್ಲ. ಈ ಮಾತ್ರೆಯ ಕಾವಿಗೆ ಮಾತ್ರ ಅವನ ಕೆಂಪು ಕಣಗಳು ತಡೆಯದೆ ಒಡೆದವು.

ಅವನು ರಕ್ತ ಹಾಕಿಸಿಕೊಂಡು ಉಳಿದ. ವಾಪಸು ಬಂದಾಗ ಅವನ ತಾಯಿ ಲ್ಯಾಬಿನ ಬಾಗಿಲಲ್ಲಿ ನಿಂತು, "ಮಾತ್ರೆ ಕೊಟ್ಟೋರೂ ನೀವೇ, ಬಿಡಿಸ್ದೋರೂ ನೀವೇ. ನಿಮ್ಮನ್ನ ಬಯ್ಯೋದಾ, ಕೈ ಮುಗಿಯೋದಾ ಹೇಳ್ರವ್ವ," ಎಂದಳು.

"ಎರಡೂ ಮಾಡಿ ಹೋಗಮ್ಮ," ಎಂದರು ಬಸವರಾಜಯ್ಯನವರು.

ಅವಳು ನಿಜಕ್ಕೂ ಎರಡನ್ನೂ ಮಾಡಿಯೇ ಹೋದಳು.

ಆಮೇಲೆ ನನಗೆ ಹಳೇಬೀಡಿನ ಕಡೆಗೆ ವರ್ಗವಾಯಿತು. ಅಲ್ಲಿನ ಕೆಲಸ ಹೆಚ್ಚು ಕಡಿಮೆ ಅದೇ. ಆ ವರ್ಷಗಳ ಒಂದು ಪ್ರಸಂಗ ಹೇಳಬೇಕು. ಕೆರೆಯ ಆಚೆ ದಡದಿಂದ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರಿಗಾಲಲ್ಲಿ ಓಡಿ ಬಂದಳು. ಹಿಂದೆ ಅತ್ತೆ. ಮಗು ಸಿಹಿಯೆಂದು ಜ್ವರದ ಸಿರಪ್ಪನ್ನು ಬಾಟಲಿಗೇ ಬಾಯಿ ಹಾಕಿ ಕುಡಿದುಬಿಟ್ಟಿತ್ತು. ತಾಯಿಯ ಕೈಯಲ್ಲಿ ಖಾಲಿ ಬಾಟಲಿ ಇತ್ತು. ಮಗು ನಮ್ಮ ಕುರ್ಚಿಯ ಮೇಲೆ ಹತ್ತಿ ಇಳಿದು ಆಡುತ್ತಿತ್ತು.

"ಇದ್ರಲ್ಲಿ ಎಷ್ಟಿತ್ತಮ್ಮ?" ಅಲ್ಲಿನ ಡಾಕ್ಟರು ಕೇಳಿದರು.

"ನೆನ್ನೆ ತಂದಿದ್ದು ಸಾರ್. ಒಂದೇ ಸಲ ಕೊಟ್ಟಿದ್ದೆ. ಮಿಕ್ಕಿದ್ದೆಲ್ಲ ಇತ್ತು."

ಅತ್ತೆ ನಡುವೆ ಬಾಯಿ ಹಾಕಿದಳು: "ಮಗು ಆಡ್ತಾ ಐತೆ ನೋಡ್ರಿ, ಏನೂ ಆಗಿಲ್ಲ. ಇವಳದ್ದು ಬರೀ ಗಾಬ್ರಿ. ಉಪ್ಪು ನೀರು ಕುಡಿಸಿದ್ರೆ ಆಗೋದು."

"ಇವತ್ತು ಆಡ್ತದೆ ಅಜ್ಜಿ. ನಾಳೆನೂ ಆಡಬಹುದು. ಆಮೇಲೆ ಆಡಲ್ಲ. ಈಗ್ಲೇ ಹಾಸನಕ್ಕೆ ಹೊರಡಿ."

ಕಳಿಸುವ ಮೊದಲು ನಾನು ರಕ್ತ ತೆಗೆದು ನೋಡಿದೆ. ಲಿವರಿನ ಪರೀಕ್ಷೆ ಸರಿಯಾಗಿಯೇ ಇತ್ತು. ಸರಿಯಾಗಿದೆ ಸಾರ್ ಎಂದೆ. ಅದನ್ನು ನಂಬಬೇಡ ಎಂಬಂತೆ ಅವರು ತಲೆಯಾಡಿಸಿದರು. ಜ್ವರದ ಮಾತ್ರೆ, ಅಂದರೆ ಪ್ಯಾರಾಸಿಟಮಾಲ್, ಒಳಗೆ ಹೋದಾಗ ಹೆಚ್ಚಿನ ಪಾಲು ತೊಂದರೆಯಿಲ್ಲದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಒಂದು ಚಿಕ್ಕ ಪಾಲು ಮಾತ್ರ ಲಿವರಿನಲ್ಲಿ ವಿಷವಾಗಿ ಬದಲಾಗುತ್ತದೆ. ಅಲ್ಲಿ ಗ್ಲುಟಾಥಯೋನ್ ಅದನ್ನು ಹಿಡಿದುಕೊಂಡು ತನ್ನ ಜೊತೆಗೇ ಹೊರಗೆ ಒಯ್ಯುತ್ತದೆ. ಈ ಕೆಲಸದಲ್ಲಿ ತೊಳೆದು ವಾಪಸು ತರುವುದಿಲ್ಲ, ಹೋದದ್ದು ಹೋಯಿತು. ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಗ್ಲುಟಾಥಯೋನ್ ಮಾಡುವುದು ಲಿವರು. ತನಗೆ ಮಾತ್ರವಲ್ಲ, ರಕ್ತಕ್ಕೆ ಬಿಟ್ಟು ಬೇರೆ ಅಂಗಗಳಿಗೂ ಕಳಿಸುತ್ತದೆ. ಆದರೆ ಕೂಡಿಟ್ಟುಕೊಳ್ಳುವುದಿಲ್ಲ. ಮಾಡಿದ್ದು ಅಂದಂದಿಗೇ ಖರ್ಚು. ಅದು ಮುಗಿದರೆ ವಿಷ ಲಿವರಿನ ಕೋಶಗಳಿಗೇ ಅಂಟಿಕೊಂಡು ಅವನ್ನು ಸಾಯಿಸುತ್ತದೆ. ಸಾಯಲು ಹೊತ್ತು ಹಿಡಿಯುವುದರಿಂದ ಮೊದಲ ದಿನದ ರಕ್ತ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಆ ಹೊತ್ತಿನೊಳಗೆ ಲಿವರಿಗೆ ಗ್ಲುಟಾಥಯೋನ್ ಮಾಡಿಕೊಳ್ಳಲು ಬೇಕಾದ ಸಾಮಾನನ್ನು ರಕ್ತನಾಳದ ಮೂಲಕ ಕೊಟ್ಟರೆ ಮಗು ಉಳಿಯುತ್ತದೆ. ಇಷ್ಟನ್ನು ಡಾಕ್ಟರು ಜೀಪು ಬರುವುದನ್ನು ಕಾಯುತ್ತ ವರಾಂಡದಲ್ಲಿ ನಿಂತು ನನಗೆ ಹೇಳಿದರು.

ಮಗು ಉಳಿಯಿತು. ಅದರ ಅಜ್ಜಿ ಆಮೇಲೆ ಎಷ್ಟೋ ಸಲ ಸಿಕ್ಕಿ, "ನಮ್ಮ ಸೊಸೆ ಬಲು ಚುರುಕು ಕಣ್ರೀ, ಬಾಟ್ಲಿನೂ ಬಿಡ್ದೆ ತಂದ್ಲು," ಎನ್ನುತ್ತಿದ್ದಳು. ಉಪ್ಪು ನೀರಿನ ಮಾತನ್ನು ಮಾತ್ರ ಮರೆತುಬಿಟ್ಟಿದ್ದಳು.

ಕೊನೆಯ ವರ್ಷಗಳನ್ನು ಅರಸೀಕೆರೆಯಲ್ಲಿ ಕಳೆದೆ. ಅಷ್ಟರಲ್ಲಿ ಯಂತ್ರ ಬಂದಿತ್ತು. ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಂ, ಇಟ್ಟು ಗುಂಡಿ ಒತ್ತಿದರೆ ಸಾಲುಸಾಲು ಉತ್ತರ. ನನಗೆ ಮೊದಮೊದಲು ಭಯ, ಆಮೇಲೆ ಇಷ್ಟವಾಯಿತು. ತಪ್ಪು ಕಡಿಮೆ, ಕಣ್ಣಿಗೆ ದಣಿವು ಕಡಿಮೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ರಕ್ತ ತೆಗೆಯುವುದು ಒಂದು ಕೋಣೆ, ಯಂತ್ರ ಇನ್ನೊಂದು ಕೋಣೆ. ಸ್ಟಿಕರ್ ಅಂಟಿಸಿದ ಟ್ಯೂಬುಗಳು ಟ್ರೇಯಲ್ಲಿ ಬರುತ್ತವೆ. ಬೆಂಚಿನ ಮೇಲೆ ಕೂತು ಮಾತಾಡುವವರು ಯಾರೂ ಇಲ್ಲ. ಏನು ಉಂಡಿರಿ, ಏನು ನುಂಗಿದಿರಿ ಎಂದು ಕೇಳುವ ಅಭ್ಯಾಸ ನನಗೂ ತಿಳಿಯದ ಹಾಗೆ ಬಿಟ್ಟುಹೋಯಿತು.

ಆ ಭಾನುವಾರದ ನಂತರ ಅಕ್ಕನಿಗೆ ಜ್ವರ ಬಂತು. ಊರಿನಲ್ಲಿ ಆಗ ಕೀಲು ಹಿಡಿಯುವ ಜ್ವರ ಮನೆಮನೆಯಲ್ಲೂ ಇತ್ತು. ಫೋನಿನಲ್ಲಿ ನರಳುತ್ತಲೇ ನಗುತ್ತಿದ್ದಳು.

"ಕೈಬೆರಳು ಮಡಿಸೋಕಾಗಲ್ಲ ಕಣೇ. ಪೂಜೆಗೆ ವಿಭೂತಿನೂ ನಿನ್ನ ಭಾವನೇ ಹಚ್ಚಬೇಕು. ಮೂಗಿಗೂ ಹಚ್ತಾರೆ."

"ಆಸ್ಪತ್ರೆಗೆ ಹೋಗಿದ್ಯಾ?"

"ಹೋಗಿದ್ದೆ. ಮಾತ್ರೆ ಕೊಟ್ಟವ್ರೆ. ತಗೋತಾ ಇದೀನಿ."

"ಊಟ?"

"ಒಪ್ಪೊತ್ತು ಬಿಡಲ್ಲ ಅಂದ್ನಲ್ಲ. ಆ ಒಂದು ಹೊತ್ತೂ ಸೇರ್ತಾ ಇಲ್ಲ. ಹಾಲು ಕುಡೀತೀನಿ, ಒಂದು ಬಾಳೆಹಣ್ಣು."

"ಜ್ವರ ಇರೋವಾಗ ವ್ರತ ಬಿಡು ಅಕ್ಕ. ಶಿವ ಏನೂ ಅಂದ್ಕೊಳಲ್ಲ."

"ಮಾತ್ರೆ ಊಟ ಅಲ್ವಲ್ಲೇ, ಮಾತ್ರೆ ತಗೊಂಡ್ರೆ ವ್ರತ ಕೆಡಲ್ಲ. ಇನ್ನೇನಾಗ್ಬೇಕು ನಿಂಗೆ?"

ನಮ್ಮ ಕಡೆಯ ಹೆಂಗಸರು ಇದನ್ನು ನೂರಾರು ಸಲ ಹೇಳುವುದನ್ನು ನಾನು ಕೇಳಿದ್ದೇನೆ. ಅನ್ನ ಮುಟ್ಟಬಾರದು, ಮಾತ್ರೆ ನುಂಗಬಹುದು. ಬರೀ ಹೊಟ್ಟೆಗೆ ನೋವಿನ ಮಾತ್ರೆ ಬೇಡ, ಉರಿಯುತ್ತದೆ ಎಂದು ಹೇಳುವುದು ನಮ್ಮ ಬಾಯಲ್ಲಿ ರೂಢಿ. ಅಷ್ಟನ್ನೇ ಹೇಳಿದೆ. ಹಾಲು ಕುಡಿದೇ ನುಂಗ್ತೀನಿ ಎಂದಳು.

ಆಮೇಲೆ ಗೊತ್ತಾದದ್ದು ಇದು. ಆಸ್ಪತ್ರೆಯವರು ಕೊಟ್ಟದ್ದು ಬಿಳಿ ಮಾತ್ರೆ, ಹೊತ್ತಿಗೊಂದು. ನೋವು ತಡೆಯದೆ ಭಾವ ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಅಲ್ಲಿಯವನು ಮೈಕೈ ನೋವಿಗೆಂದು ಒಂದು ಸೆಟ್ ಕಟ್ಟಿಕೊಟ್ಟ. ಸಣ್ಣ ಕಾಗದದ ಕವರಿನಲ್ಲಿ ಹಳದಿಯೊಂದು, ಗುಲಾಬಿಯೊಂದು, ಹೆಸರಿಲ್ಲದ ಬಿಡಿ ಮಾತ್ರೆಗಳು. ನೆಗಡಿಯೂ ಇದೆ ಎಂದು ಪಕ್ಕದ ಮನೆಯವರು ತಮ್ಮಲ್ಲಿದ್ದ ನೆಗಡಿ ಮಾತ್ರೆ ಕೊಟ್ಟರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಬಿಳಿಯದರಲ್ಲಿ, ಹಳದಿಯದರಲ್ಲಿ, ನೆಗಡಿಯದರಲ್ಲಿ, ಮೂರರಲ್ಲೂ ಇದ್ದದ್ದು ಅದೇ ಜ್ವರದ ಔಷಧಿ. ಒಂದೇ ಬಣ್ಣವಿದ್ದಿದ್ದರೆ ಅಕ್ಕನಿಗೇ ಅನುಮಾನ ಬರುತ್ತಿತ್ತು. ಅವಳು ಲೆಕ್ಕದಲ್ಲಿ ನನಗಿಂತ ಚುರುಕು.

ಜ್ವರ ಇಳಿಯಿತು. ವಾಂತಿ ಶುರುವಾಯಿತು. ಬರೀ ಹೊಟ್ಟೆಯ ಪಿತ್ತ ಎಂದುಕೊಂಡರು. ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆಗೆ ಇಂಗ್ಲಿಷ್ ಔಷಧಿ ನಡೆಯುವುದಿಲ್ಲ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಭಾವ ಬಾಡಿಗೆ ಕಾರು ಮಾಡಿಕೊಂಡು ಬೇಲೂರಿನ ಕಡೆ ನಾಟಿ ಔಷಧಿ ಕೊಡುವವರ ಹತ್ತಿರ ಕರೆದೊಯ್ದರು. ಅವರು ಸೊಪ್ಪಿನ ರಸ ಕೊಟ್ಟು, ಉಪ್ಪು ಖಾರ ಇಲ್ಲದ ಗಂಜಿಯ ಪಥ್ಯ ಹೇಳಿದರು. ಉಪವಾಸದ ಮೇಲೆ ಪಥ್ಯ.

ಅದು ಯಾವುದೂ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಮಾತಾಡುವ ಶಕ್ತಿ ಅಕ್ಕನಿಗಿರಲಿಲ್ಲ. ನನಗೆ ಗಾಬರಿಯಾಗುತ್ತದೆ ಎಂದು ಭಾವ ಜ್ವರ ಬಿಟ್ಟಿದೆ ಎಂದಷ್ಟೇ ಹೇಳಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅದೇ ಕಾರಿನಲ್ಲಿ ಅಕ್ಕನನ್ನು ಅರಸೀಕೆರೆಗೆ ಕರೆತಂದರು. ಲತಾ ರಕ್ತ ತೆಗೆದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಅಕ್ಕ ನನ್ನ ಮುಖ ನೋಡಿ, "ಎಷ್ಟು ಜನರಿಗೆ ಸೂಜಿ ಚುಚ್ಚಿದ್ಯೇ ನೀನು. ನನಗೆ ಮಾತ್ರ ಬೇರೆಯವರ ಕೈಲಿ ಚುಚ್ಚಿಸ್ತೀಯ," ಎಂದಳು. ಮಾತು ತೊದಲುತ್ತಿತ್ತು. ಇದು ಯಾವ ಊರು ಎಂದು ಎರಡು ಸಲ ಕೇಳಿದಳು.

ಸಾದಾ ಟ್ಯೂಬಿಗೆ ಹಾಕಿದ ರಕ್ತ ಸ್ವಲ್ಪ ಹೊತ್ತಿನಲ್ಲಿ ಮೊಸರಿನ ಹಾಗೆ ಹೆಪ್ಪುಗಟ್ಟಬೇಕು. ಅದು ಆದ ಮೇಲೆಯೇ ನಮ್ಮ ಕೆಲಸ ಮುಂದುವರಿಯುವುದು. ಲತಾ ಟ್ಯೂಬನ್ನು ಓರೆ ಮಾಡಿ ನೋಡಿದಳು. ಮತ್ತೆ ಸ್ಟ್ಯಾಂಡಿನಲ್ಲಿಟ್ಟಳು. ಮತ್ತೆ ಓರೆ ಮಾಡಿದಳು. ರಕ್ತ ಗಾಜಿನೊಳಗೆ ನೀರಿನ ಹಾಗೆ ಇಳಿಯುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಮಾಡುವುದೂ ಲಿವರೇ. ಲತಾ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ. ಯಂತ್ರದಿಂದ ಉತ್ತರ ಬರುವ ಮೊದಲೇ ನಮಗಿಬ್ಬರಿಗೂ ಗೊತ್ತಾಗಿತ್ತು.

ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಯುವ ಡಾಕ್ಟರು ಮೊದಲು ಕೇಳಿದ್ದೇ ಅದನ್ನು: "ಏನೇನು ಮಾತ್ರೆ ತಗೊಂಡಿದ್ದಾರೆ?"

"ಜ್ವರದ್ದು ಅಷ್ಟೇ ಸಾರ್, ಬೇರೇನೂ ಇಲ್ಲ," ಎಂದರು ಭಾವ.

"ಜ್ವರದ್ದೇ ಎಷ್ಟು? ದಿನಕ್ಕೆ ಎಷ್ಟು ಸಲ? ಯಾವ್ಯಾವುದು?"

ಭಾವ ನನ್ನ ಕಡೆ ತಿರುಗಿದರು. ನಾನು ಅವರ ಕಡೆ ನೋಡಿದೆ. ಅಕ್ಕನಿಗೆ ಅಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಆಗ ನನಗೆ ಖಾಲಿ ಬಾಟಲಿ ಹಿಡಿದು ಓಡಿ ಬಂದಿದ್ದ ಹಳೇಬೀಡಿನ ಆ ತಾಯಿ ನೆನಪಾದಳು. ಅಕ್ಕನ ಕಾಯಿಲೆ ಏನೆಂದು ಆ ಕ್ಷಣ ತಿಳಿಯಿತು. ನಮ್ಮ ಮನೆಯೊಳಗೆ ಬಂದದ್ದೂ ಅದೇ ಜ್ವರದ ಔಷಧಿಯ ವಿಷ ಎಂದು ಗುರುತಿಸಲು ನನಗೆ ಅಷ್ಟು ಹೊತ್ತು ಬೇಕಾಯಿತು. ಬಾಟಲಿ ಎತ್ತಿ ಒಂದೇ ಸಲ ಕುಡಿದರೆ ವಿಷ ಎಂದು ಗೊತ್ತಾಗುತ್ತದೆ. ಹಾಲಿನ ಜೊತೆ, ಹೊತ್ತು ಹೊತ್ತಿಗೆ, ಒಳ್ಳೆಯವರು ಕೊಟ್ಟ ಬಿಡಿ ಮಾತ್ರೆಗಳನ್ನು ಯಾರೂ ವಿಷ ಎನ್ನುವುದಿಲ್ಲ.

ಅಲ್ಲಿನ ಡಾಕ್ಟರುಗಳು ತಡಮಾಡಲಿಲ್ಲ. ಆ ಮಗುವಿಗೆ ಕೊಟ್ಟಿದ್ದ ಅದೇ ಔಷಧಿಯನ್ನು ಅಕ್ಕನ ಕೈಗೂ ಹನಿಹನಿಯಾಗಿ ಬಿಟ್ಟರು. ಲಿವರ್ ಬದಲಿಸುವ ಮಾತೂ ಬಂತು. ಬೆಂಗಳೂರಿಗೆ ಒಯ್ಯುವಷ್ಟು ಅಕ್ಕ ತಾಳಲಿಲ್ಲ.

ಎಲ್ಲ ಮುಗಿದ ಮೇಲೆ ಆ ಡಾಕ್ಟರು ಭಾವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಉಪವಾಸ ಎಂದರೆ ಗ್ಲುಟಾಥಯೋನ್ ಹೆಣೆಯಲು ಬೇಕಾದ ಸಾಮಾನು ಬರುವುದು ನಿಂತಂತೆ. ಜ್ವರದಲ್ಲಿ ಇಡೀ ಮೈ ಅದನ್ನು ಹೆಚ್ಚು ಕೇಳುತ್ತದೆ. ಶ್ವಾಸಕೋಶಕ್ಕೆ ಬೇಕು, ಮೂತ್ರಪಿಂಡಕ್ಕೆ ಬೇಕು, ಕರುಳಿಗೆ ಬೇಕು, ಕಣ್ಣಿನ ಮಸೂರ ಮಂಜಾಗದೆ ಇರಲೂ ಅದೇ ಬೇಕು. ಚೆನ್ನಾಗಿ ಉಂಡವರಿಗೆ ಅಷ್ಟಾಗಿ ಹಾನಿ ಮಾಡದ ಮಾತ್ರೆಯೂ, ದಿನಗಟ್ಟಲೆ ಹಾಲಿನಲ್ಲೇ ಇದ್ದವರ ಲಿವರನ್ನು ಖಾಲಿಗೈಯಲ್ಲಿ ಹಿಡಿಯುತ್ತದೆ.

ಭಾವ ಕೊಬ್ಬರಿ ಮಾರುಕಟ್ಟೆಯಲ್ಲಿ ಜೀವನ ಸವೆಸಿದವರು. "ಅಂದ್ರೆ ಲಾರಿಯಿಂದ ಮೂಟೆ ಇಳೀತಾನೇ ಇತ್ತು. ಹೊತ್ಕೊಂಡು ಹೋಗೋ ಹಮಾಲರು ಒಬ್ಬೊಬ್ರೇ ಮೂಟೆ ಜೊತೆ ಆಚೆ ಹೋದ್ರು, ವಾಪಸ್ ಬರ್ಲಿಲ್ಲ. ಹೊಸಬ್ರನ್ನ ಕರೆಯೋಣ ಅಂದ್ರೆ ಕೂಲಿಗೆ ಅನ್ನ ಇಲ್ಲ. ಹಂಗೇ ತಾನೇ ಸಾರ್?" ಎಂದರು.

"ಹಾಗೇ ಯಜಮಾನ್ರೇ," ಎಂದರು ಡಾಕ್ಟರು.

"ನನ್ನ ಸಲುವಾಗಿ ಹಿಡಿದಿದ್ದ ಉಪವಾಸ ಸಾರ್ ಅದು."



ಲ್ಯಾಬಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಹೆಚ್ಚಿಲ್ಲ. ಯಂತ್ರವನ್ನು ನಂಬಿ, ಅದು ನನ್ನ ಕಣ್ಣಿಗಿಂತ ಒಳ್ಳೆಯದು. ಆದರೆ ರಕ್ತ ನಿಮಗೆ ಹೇಳುವುದು ಒಳಗೆ ಏನಾಗಿದೆ ಎಂಬುದನ್ನು ಮಾತ್ರ. ಬಾಯಿಂದ ಏನು ಹೋಯಿತು, ಏನು ಹೋಗಲಿಲ್ಲ ಎಂಬುದನ್ನು ಮನುಷ್ಯರನ್ನೇ ಕೇಳಬೇಕು. ಜ್ವರವೆಂದು ಬಂದವರನ್ನು ಸೂಜಿ ಚುಚ್ಚುವಾಗಲೇ ಕೇಳಿ: ಊಟ ಮಾಡ್ತಿದೀರಾ, ವ್ರತ ಇದೆಯಾ, ಯಾವ್ಯಾವ ಮಾತ್ರೆ, ಯಾರು ಕೊಟ್ಟದ್ದು. ಬೇರೆ ಬಣ್ಣವೆಂದರೆ ಬೇರೆ ಔಷಧಿ ಎಂದು ಅವರು ತಿಳಿದಿರುತ್ತಾರೆ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತರಲು ಹೇಳಿ. ಕೇಳಿದ್ದನ್ನು ಡಾಕ್ಟರಿಗೆ ತಿಳಿಸಿ. ಅದು ನಮ್ಮ ಕೆಲಸವಲ್ಲ ಎಂದು ಯಾರಾದರೂ ಅಂದರೆ ಅನ್ನಲಿ.

ಜಾವಗಲ್ಲಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಈಗ ಕಾರ್ತಿಕ ಬರುವ ಮೊದಲು ನನ್ನನ್ನು ಕರೆಸುತ್ತಾರೆ. ವ್ರತ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಅವರು ಕೇಳುವುದಿಲ್ಲ. ಜ್ವರ ಬಂದರೆ ವ್ರತವನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳಿ, ಉಂಡು ಮಾತ್ರೆ ನುಂಗಿ, ಒಬ್ಬರು ಕೊಟ್ಟಾಗ ಇನ್ನೊಬ್ಬರ ಹತ್ತಿರ ಇಸಿದುಕೊಳ್ಳಬೇಡಿ ಎನ್ನುತ್ತೇನೆ. ಹಿಂದಿನ ಸಲ ಒಬ್ಬ ಹೆಂಗಸು ಎದ್ದು, "ಶಿವ ಸಾಲ ಇಟ್ಕೋತಾನಾ ವಿಮಲಮ್ಮ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಭಾವ ಬಾಗಿಲ ಹತ್ತಿರ ನಿಂತಿದ್ದರು. "ಇಟ್ಕೋತಾನೆ ಕಣಮ್ಮ, ನನ್ನ ಹತ್ರ ಕೇಳು," ಎಂದು ಹೇಳಿ ಹೊರಗೆ ಹೋದರು.

ಆ ದಿನಗಳಲ್ಲಿ ಅಕ್ಕ ಒಟ್ಟು ಎಷ್ಟು ಮಾತ್ರೆ ನುಂಗಿದ್ದಳು ಎಂದು ತಿಳಿಯಲು ಭಾವನೂ ನಾನೂ ಮನೆಯೆಲ್ಲ ಹುಡುಕಿದೆವು. ಖಾಲಿಯಾದ ಕವರುಗಳನ್ನು ಅವಳೇ ಬಚ್ಚಲ ಒಲೆಗೆ, ತೆಂಗಿನ ಮಟ್ಟೆಯ ಜೊತೆ ಹಾಕಿಬಿಟ್ಟಿದ್ದಳು. ಮನೆ ಚೊಕ್ಕಟವಾಗಿರಬೇಕು ಅವಳಿಗೆ. ಮೆಡಿಕಲ್ ಶಾಪಿನವನಿಗೆ ನೆನಪಿಲ್ಲ. ಪಕ್ಕದ ಮನೆಯವರು ಪ್ರತಿ ಸಲ ಬೇರೆ ಹೇಳುತ್ತಾರೆ. ಎಷ್ಟು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.